ಮಹಾವೇಲಿ ಗಂಗೆ

ನಾಲ್ಕು ದಿಕ್ಕಿಗೂ ಕಡಲಿರುವ ದ್ವೀಪದಲ್ಲಿ ನದಿಗೆ ದೂರ ಹರಿಯುವ ಅವಕಾಶವೆಲ್ಲಿ ಎಂದು ತೋರುವುದು ಸಹಜ. ಸಿಂಹಳದ್ವೀಪದ ಮಹಾವೇಲಿ ಗಂಗೆ ಈ ಎಣಿಕೆಯನ್ನು ಸುಳ್ಳಾಗಿಸುತ್ತದೆ. ನಡುನಾಡಿನ ಮಲೆಗಳಲ್ಲಿ ಹುಟ್ಟಿ, ಸಮೀಪದ ಪಡುಗಡಲನ್ನು ಬಿಟ್ಟು ಬಡಗಣಕ್ಕೆ ಹರಿದು, ಕ್ಯಾಂಡಿ ನಗರವನ್ನು ಮೂರು ಕಡೆ ಬಳಸಿ ಮೂಡಲಿಗೆ ಹೊರಳಿ, ಮಿನಿಪೆಯ ಬಳಿ ಮತ್ತೆ ಬಡಗಣಕ್ಕೆ ತಿರುಗಿ, 335 ಕಿಲೋಮೀಟರು ನಡೆದು ಅದು ತ್ರಿಕೋಣಮಲೆಯ ಬಳಿ ಕಡಲನ್ನು ಸೇರುತ್ತದೆ. ಪಾಳಿಯಲ್ಲಿ ಇದರ ಹೆಸರು ಮಹಾವಾಲುಕಾ, ವಾಲುಕವೆಂದರೆ ಮರಳಲ್ಲವೆ?

ನೈಋತ್ಯ ಮಾರುತದ ಮಳೆ ಮಲೆಗಳ ಪಡುಮಗ್ಗುಲಲ್ಲೇ ಸುರಿದುಹೋಗುವುದು. ಮೂಡಲ ಬಯಲಿಗೆ ಆ ಕಾಲ ಒಣಗಾಲ. ಒಂದು ಸೀಮೆಯ ಮಳೆಯನ್ನು ಹೊತ್ತು ಇನ್ನೊಂದು ಸೀಮೆಗೆ ಮುಟ್ಟಿಸುವ ಕೆಲಸ ಈ ನದಿಯದು. ಅರಸರು ಇದನ್ನು ಬಲ್ಲವರಾಗಿದ್ದರು. ಮಿನಿಪೆಯ ಕಟ್ಟೆ ಐದನೆಯ ಶತಮಾನದ ಧಾತುಸೇನನದೆಂದು ಪ್ರತೀತಿ. ಪೊಲೊನ್ನರುವದಲ್ಲಿ ಒಂದನೆಯ ಪರಾಕ್ರಮಬಾಹು (1153–1186) ಕಟ್ಟಿಸಿದ ಪರಾಕ್ರಮಸಮುದ್ರವೆಂಬ ಕೆರೆಗೆ ನೀರು ಬರುವುದು ಇದರ ಉಪನದಿಯಾದ ಅಂಬನ್ ಗಂಗೆಯಿಂದ.

ಕ್ಯಾಂಡಿಯ ಅರಸರಿಗೆ ಮಾತ್ರ ಈ ಹೊಳೆ ನೀರಾವರಿಗಿಂತ ಹೆಚ್ಚಾಗಿ ಕೋಟೆಯ ಕಂದಕ. 1803ರ ಜೂನಿನಲ್ಲಿ ಕ್ಯಾಂಡಿಯನ್ನು ಬಿಟ್ಟು ಹಿಂದೆ ಸರಿದ ಆಂಗ್ಲ ದಂಡು ವಟಾಪುಲುವದಲ್ಲಿ ತುಂಬಿದ ಹೊಳೆಯನ್ನು ದಾಟಲಾರದೆ ನಿಂತಿತು. ನಿಂತವರಲ್ಲಿ ಉಳಿದವರು ಅತ್ಯಲ್ಪ. ಹನ್ನೆರಡು ವರ್ಷಗಳಲ್ಲಿ, 1815ರಲ್ಲಿ, ರಾಜ್ಯವೇ ಆಂಗ್ಲರ ವಶವಾಯಿತು. ಕೈಕೊಟ್ಟದ್ದು ಹೊಳೆಯಲ್ಲ, ಅರಸನ ಸ್ವಂತ ಸಾಮಂತರು!

ಆಮೇಲೆ ಮಲೆಗಳ ಕಾಡು ಕಡಿದು ಕಾಫಿ ಬಂದಿತು; 1869ರಲ್ಲಿ ತಲೆದೋರಿದ ಎಲೆರೋಗಕ್ಕೆ ಅದು ಸತ್ತ ಮೇಲೆ ಚಹ ಬಂದಿತು; ಕೂಲಿಗೆ ತಮಿಳುನಾಡಿನ ಬಡವರು ಹೋದರು. 1964ರ ಒಪ್ಪಂದದನ್ವಯ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ನಮ್ಮ ನೀಲಗಿರಿಯ ಚಹತೋಟಗಳಿಗೆ ಬಂದರು. ಮಹಾವೇಲಿಯ ಹೆಸರನ್ನು ನಾವು ಭೂಗೋಳದ ಪುಸ್ತಕಕ್ಕಿಂತ ಮೊದಲು ಕೇಳಿದ್ದು ಅವರ ಬಾಯಲ್ಲೇ. ಕೊತ್ಮಲೆಯ ತೋಟದಲ್ಲಿ ಹುಟ್ಟಿದ ಅಜ್ಜಿಯೊಬ್ಬರು ಮಳೆ ಹಿಡಿದ ದಿನ, "ಈಗ ಅಲ್ಲಿ ನೀರು ಎಲ್ಲಿಯವರೆಗೆ ಏರಿದೆಯೋ" ಎನ್ನುವರು. ಅವರನ್ನು ಅಲ್ಲಿ ಪರದೇಶದವರೆಂದರು; ಇಲ್ಲಿ ಸಿಲೋನಿನವರೆಂದರು. ಗಡಿನಾಡಿನ ನಮಗೆ ಈ ಮಾತಿನ ನೋವು ವಿವರಿಸಿ ಹೇಳಬೇಕಾದುದಲ್ಲ.

ನದಿಯನ್ನು ಪೂರ್ಣವಾಗಿ ಬಯಲಿನ ಸೇವೆಗೆ ಹಚ್ಚಿದ್ದು ನಮ್ಮ ಕಾಲ. 1976ರಲ್ಲಿ ಪೊಲ್ಗೊಲ್ಲದಿಂದ ಸುರಂಗದ ಮೂಲಕ ನೀರನ್ನು ಬಡಗಣಕ್ಕೆ ತಿರುಗಿಸಿದರು. 1985ರಲ್ಲಿ ಕೊತ್ಮಲೆ, ಅದೇ ವರ್ಷ 122 ಮೀಟರು ಎತ್ತರದ ವಿಕ್ಟೋರಿಯಾ ಅಣೆಕಟ್ಟುಗಳು ಮುಗಿದವು. ಬಯಲಿನಲ್ಲಿ ಭತ್ತ ಬೆಳೆಯಿತು, ಊರುಗಳಲ್ಲಿ ದೀಪ ಹತ್ತಿತು. ಇದನ್ನು ಅಲ್ಪವೆನ್ನಲು ನಾವು ಸಿದ್ಧರಿಲ್ಲ. ಆದರೆ ವಿಕ್ಟೋರಿಯಾದ ನೀರಿನಲ್ಲಿ ತೆಲ್ದೆನಿಯದ ಹಳೆಯ ಪೇಟೆ ಮುಳುಗಿತು. ಕೊತ್ಮಲೆಯಲ್ಲಿ ತಲೆಮಾರುಗಳಿಂದ ಮೆಟ್ಟಿಲುಗದ್ದೆ ಉತ್ತವರು ಮನೆ ತೆರವು ಮಾಡಿದರು. ಅನೇಕರಿಗೆ ಹೊಸ ನೆಲ ದೊರೆತದ್ದು ಸೆಕೆಯ ಬಯಲುಸೀಮೆಯಲ್ಲಿ. ತಮ್ಮ ಬೆಟ್ಟದ ನೀರನ್ನೇ ಅವರು ಅಲ್ಲಿ ಕಾಲುವೆಯಲ್ಲಿ ಕಂಡರು. ಬೇಸಗೆಯಲ್ಲಿ ಜಲಾಶಯ ಬತ್ತಿದಾಗ ಕಡದೊರ ವಿಹಾರದ ಗೋಡೆಗಳು ಕೆಸರಿನಿಂದ ಮೇಲೇಳುತ್ತವೆ; ಜನ ನಡೆದುಹೋಗಿ ನೋಡಿ ಬರುತ್ತಾರೆ.