ಉರ್ವದ ಮಳೆಯನ್ನು ಯಾವುದರಿಂದ ಭಾಗಿಸಬೇಕು?

ಉರ್ವದಿಂದ ಸುಲ್ತಾನ್ ಬತ್ತೇರಿ ದೂರವೇನಲ್ಲ. ಅಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ, ಅದರಾಚೆ ಅರಬ್ಬೀ ಸಮುದ್ರ. ನೆಲ ಎಲ್ಲಿ ಮುಗಿಯುತ್ತದೆ ಎಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹವಾಮಾನ ಮಾದರಿಗಳಿಗೆ ಮಾತ್ರ ಹೇಳಿಕೊಡಬೇಕು. ನನ್ನ ಸಂಶೋಧನೆಯ ಬಹುಪಾಲು ದಿನಗಳು ಹೋಗುವುದು ಅದಕ್ಕೇ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಐಐಟಿಎಂ-ಇಎಸ್‌ಎಂ, ಸಿಎಂಐಪಿ6 ಎಂಬ ಜಾಗತಿಕ ಹೋಲಿಕೆಗೆ ಭಾರತದಿಂದ ಹೋದ ಮೊದಲ ಮಾದರಿ. ಇಡೀ ಭೂಮಿಯ ವಾತಾವರಣ ಅದರಲ್ಲಿ 192 ಕಂಬಸಾಲು, 94 ಅಡ್ಡಸಾಲು. ಒಟ್ಟು 18,048 ಚೌಕ. ನಮ್ಮ ಕಡೆ ಒಂದು ಚೌಕದ ಅಗಲ ಸುಮಾರು 200 ಕಿ.ಮೀ. ಉರ್ವ, ಕಾಸರಗೋಡು, ಮಡಿಕೇರಿ, ಸಕಲೇಶಪುರ, ಜೊತೆಗೆ ಒಂದಿಷ್ಟು ಸಮುದ್ರ ಎಲ್ಲವೂ ಒಟ್ಟಿಗೆ ಹಿಡಿಸುವಷ್ಟು ಜಾಗ. ಅಷ್ಟಕ್ಕೂ ಒಂದು ದಿನಕ್ಕೆ ಒಂದೇ ಮಳೆ. ಭಾರತೀಯ ಹವಾಮಾನ ಇಲಾಖೆಯ ಮಳೆ ದತ್ತಾಂಶದ ಚೌಕವಾದರೋ ಕಾಲು ಡಿಗ್ರಿಯದು, ಸುಮಾರು 27 ಕಿ.ಮೀ. ಅದು 1901ರಿಂದ ಇದೆ, ಆದರೆ ನೆಲದ ಮೇಲೆ ಮಾತ್ರ.

ಎರಡನ್ನೂ ಹೋಲಿಸಬೇಕಾದರೆ ಒಂದನ್ನು ಇನ್ನೊಂದರ ಚೌಕಕ್ಕೆ ಇಳಿಸಬೇಕು. ಅದಕ್ಕೆ ತಂತ್ರಾಂಶಗಳಿವೆ. ಅವುಗಳನ್ನು ಕಂಪೈಲ್ ಮಾಡುವುದೇ ಒಂದು ವ್ರತ. ನೆಟ್‌ಸಿಡಿಎಫ್ ಲೈಬ್ರರಿಯನ್ನು ಒಂದು ಫೋರ್ಟ್ರಾನ್ ಕಂಪೈಲರ್‌ನಲ್ಲಿ ಕಟ್ಟಿ, ಮುಖ್ಯ ಪ್ರೋಗ್ರಾಮನ್ನು ಇನ್ನೊಂದರಲ್ಲಿ ಕಟ್ಟಲು ಹೋದರೆ ಒಂದರ ಮಾಡ್ಯೂಲ್ ಫೈಲನ್ನು ಇನ್ನೊಂದು ಓದುವುದಿಲ್ಲ. ಆದರೂ ಈ ತಕರಾರು ಪ್ರಾಮಾಣಿಕ. ತಪ್ಪಿದ್ದರೆ ಕೆಂಪಕ್ಷರದಲ್ಲಿ ಕೂಗಿ ಹೇಳುತ್ತದೆ. ಭಯ ಇರುವುದು ಎಲ್ಲ ಸರಿಯಾಗಿ ಓಡಿದ ಮೇಲೆ.

ಒಂದು ದೊಡ್ಡ ಚೌಕದ ಅರ್ಧ ನೆಲ, ಅರ್ಧ ಕಡಲು ಎಂದುಕೊಳ್ಳಿ. ನೆಲದ ಮೇಲೆ 30 ಮಿ.ಮೀ. ಮಳೆ, ಕಡಲಿನ ಮೇಲೆ ಅಳತೆಯೇ ಇಲ್ಲ. ಆ ನೀರನ್ನು ಇಡೀ ಚೌಕದ ವಿಸ್ತೀರ್ಣದಿಂದ ಭಾಗಿಸಿದರೆ 15 ಮಿ.ಮೀ. ಅಳತೆ ಇರುವ ಭಾಗದಿಂದಷ್ಟೇ ಭಾಗಿಸಿದರೆ 30. ಲಾಸ್ ಅಲಾಮೋಸ್‌ನಲ್ಲಿ ಹುಟ್ಟಿದ 'ಸ್ಕ್ರಿಪ್' ತಂತ್ರಾಂಶದ ಕಾಲದಿಂದಲೂ ಈ ಎರಡು ಆಯ್ಕೆಗಳಿವೆ. ನಾವು ಏನೂ ಹೇಳದಿದ್ದರೆ ಸಿಡಿಒ ಎರಡನೆಯದನ್ನು ಹಿಡಿಯುತ್ತದೆ, ಇಎಸ್‌ಎಂಎಫ್ ಮೊದಲನೆಯದನ್ನು. ಎರಡೂ ತಪ್ಪಲ್ಲ. ಮೊದಲನೆಯದು ಒಟ್ಟು ನೀರನ್ನು ಕಾಪಾಡುತ್ತದೆ, ಎರಡನೆಯದು ನೆಲದವರು ಕಂಡ ಮಳೆಯನ್ನು. ಬೆಂಗಳೂರಿನ ಚೌಕಕ್ಕೆ ಈ ವ್ಯತ್ಯಾಸವೇ ಇಲ್ಲ, ಸುತ್ತ ನೆಲವೇ. ಪೆಟ್ಟು ಬೀಳುವುದು ಕರಾವಳಿಗೆ.

ಆ 15ನ್ನೇ ನಿಜವಾದ ಮಳೆ ಎಂದು ಹಿಡಿದರೆ ಮಾದರಿ ಇಲ್ಲಿ ವಿಪರೀತ ಮಳೆ ಸುರಿಸುತ್ತಿದೆ ಎಂದು ಕಾಣುತ್ತದೆ. ಅದನ್ನು 'ತಿದ್ದಲು' ಹೊರಟರೆ ಮುಂದಿನ ದಶಕಗಳ ಮಳೆಯೂ ಕಾಗದದಲ್ಲಿ ತಗ್ಗುತ್ತದೆ. ಆ ಕಾಗದ ನೋಡಿ ಯಾರಾದರೂ ತೋಡಿನ ಅಗಲ ನಿರ್ಧರಿಸಿದರೆ, ನೀರು ನುಗ್ಗುವುದು ತಗ್ಗಿನಲ್ಲಿರುವವರ ಮನೆಗೆ.

ಹಾಗಾಗಿ ಮಳೆಯನ್ನು ಒಪ್ಪಿಸುವ ಮೊದಲು ನಾನು ತಂತ್ರಾಂಶಕ್ಕೆ ಒಂದು ಸುಳ್ಳು ನಕ್ಷೆ ಕೊಡುತ್ತೇನೆ. ನೆಲದ ಚೌಕಗಳಿಗೆಲ್ಲ ಒಂದೇ ಸಂಖ್ಯೆ: 1. ಹೊರಬರುವಾಗ ಒಳನಾಡಿನಲ್ಲಿ 1 ಇದ್ದು ಕರಾವಳಿಯುದ್ದಕ್ಕೂ 0.4, 0.6 ಎಂದು ಕಂಡರೆ ಭಾಗಾಕಾರ ಯಾವುದು ಎಂದು ತಿಳಿಯಿತು. ಐದು ನಿಮಿಷದ ಕೆಲಸ. ಪ್ರಬಂಧದಲ್ಲಿ ಅದಕ್ಕೆ ಒಂದು ಸಾಲೂ ಸಿಗುವುದಿಲ್ಲವೇನೋ. ಆದರೆ ಸರಾಸರಿ ಎಂಬ ಪದ ಕೇಳಿದಾಗಲೆಲ್ಲ ಈಗ ನಾನು ಮೊದಲು ಕೇಳುವುದು ಒಂದೇ: ಯಾರನ್ನೆಲ್ಲ ಸೇರಿಸಿ ಭಾಗಿಸಿದಿರಿ?