ಅವ್ವನ ನಡಿಗೆನೇ ಹಂಗ

ಬಳ್ಳಾರಿ ಕೋಟೆ ಗುಡ್ಡ ಹತ್ತುವಾಗ ನನಗೇನೂ ಆಗಲಿಲ್ಲ. ಬೆಂಗಳೂರಿಂದ ಜೊತೆಗೆ ಬಂದಿದ್ದ ಇಬ್ಬರು ಸಹೋದ್ಯೋಗಿಗಳಿಗೆ, ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನದು ಹೈದರಾಲಿ ಕಾಲದ್ದು ಅಂತ ಊರಿನ ಜಂಬ ಕೊಚ್ಚಿಕೊಳ್ಳುತ್ತಾ ಆರಾಮಾಗಿ ಹತ್ತಿದ್ದೆ. ಕಾಲು ಕೈಕೊಟ್ಟಿದ್ದು ಇಳಿಯುವಾಗ. ಮೆಟ್ಟಿಲಿನ ಅಂಚಿನ ಮೇಲೆ ಬಲಗಾಲಿಟ್ಟೆ, ಪಾದ ಒಳಕ್ಕೆ ಮಗುಚಿಕೊಂಡಿತು, ಟಪ್ ಅಂತ ಒಂದು ಸದ್ದು. ನಾನು ಕಲ್ಲಿನ ಮೇಲೆ ಕೂತು ಹಲ್ಲು ಕಚ್ಚಿಕೊಂಡಿದ್ದಾಗ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಗುಂಯ್‌ಗುಟ್ಟಿ, ಇವತ್ತಿನ ಹತ್ತು ಸಾವಿರ ಹೆಜ್ಜೆ ಮುಗಿಯಿತು, ಅಭಿನಂದನೆ ಅಂದಿತು.

ಬಳ್ಳಾರಿಯ ಮೂಳೆ ಡಾಕ್ಟರು ಊದಿದ ಕಾಲನ್ನು ನೋಡಿ ಗಾಬರಿಯಾಗಲಿಲ್ಲ. ಹರಡಿನ ಎರಡೂ ಕಡೆ ಉಬ್ಬಿರುತ್ತಲ್ಲ, ಆ ಮೂಳೆಗಳ ಹಿಂದಿನ ಅಂಚನ್ನು ಒತ್ತಿದರು. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ಉದ್ದ ಮೂಳೆ ಶುರುವಾಗುವ ಜಾಗ ಒತ್ತಿದರು. ಒಳಬದಿ, ಪಾದದ ನಡುವೆ ಒಂದು ಕಡೆ ಒತ್ತಿದರು. ಆಮೇಲೆ "ನಾಲ್ಕು ಹೆಜ್ಜೆ ನಡೀರಿ" ಅಂದರು. ಕುಂಟುತ್ತಾ ನಡೆದೆ. "ಎಕ್ಸ್‌ರೇ ಬೇಡ" ಅಂದರು.

ನನಗೆ ನಿಜವಾಗಿಯೂ ಬೇಜಾರಾಯ್ತು. ಇಷ್ಟು ನೋವಿಗೆ ಒಂದು ಎಕ್ಸ್‌ರೇಯಾದರೂ ಬೇಡವೇ? ಡಾಕ್ಟರು ನಕ್ಕು, ಇದು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ನಿಯಮ ಅಂದರು. ಆ ಜಾಗಗಳಲ್ಲಿ ಮೂಳೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಇಡೋಕಾಗುತ್ತೆ ಅಂದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. "ಆದ್ರೆ ಮೂಳೆ ಮುರಿದಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ" ಅಂದು ಟೇಬಲ್ ಮೇಲಿದ್ದ ಪ್ಲಾಸ್ಟಿಕ್ ಪಾದವನ್ನು ಕೈಗೆ ಕೊಟ್ಟರು.

ಒಂದು ಪಾದದಲ್ಲಿ 26 ಮೂಳೆ. ಹಿಂದೆ ಗಟ್ಟಿಮುಟ್ಟಾದ 7, ನಡುವೆ ಉದ್ದನೆಯ 5, ಬೆರಳುಗಳಲ್ಲಿ 14. ಎರಡೂ ಪಾದ ಸೇರಿ 52. ಇಡೀ ದೇಹದಲ್ಲಿರುವ 206 ಮೂಳೆಗಳಲ್ಲಿ ಕಾಲು ಭಾಗ ಪಾದಗಳಲ್ಲೇ ಇದೆ. ಕಣಕಾಲಿನ ಎರಡು ಮೂಳೆಗಳ ತುದಿ ಕೆಳಗೆ ಬಂದು ಒಂದು ಇಕ್ಕಳದ ಹಾಗೆ ನಿಂತಿವೆ. ಆ ಇಕ್ಕಳದೊಳಗೆ ಕೂತಿರೋದು ಟೇಲಸ್ ಅನ್ನೋ ಮೂಳೆ. ಈ ಟೇಲಸ್‌ಗೆ ಒಂದೇ ಒಂದು ಸ್ನಾಯುವೂ ಅಂಟಿಲ್ಲ. ಮೈಯ ಭಾರವನ್ನೆಲ್ಲ ಅದು ಕೆಳಗೆ ದಾಟಿಸುತ್ತೆ, ಆದರೆ ಅದನ್ನು ಜಾಗದಲ್ಲಿ ಹಿಡಿದಿಟ್ಟಿರೋದು ಅಕ್ಕಪಕ್ಕದ ಮೂಳೆಗಳು ಮತ್ತು ಲಿಗಮೆಂಟ್ ಅನ್ನೋ ಗಟ್ಟಿ ಪಟ್ಟಿಗಳು.

ಇನ್ನೊಂದು ವಿಷಯ ಕೇಳಿ. ಟೇಲಸ್‌ನ ಮೇಲ್ಭಾಗ ಮುಂದೆ ಅಗಲ, ಹಿಂದೆ ಕಿರಿದು. ಹತ್ತುವಾಗ ಪಾದ ಮೇಲಕ್ಕೆ ಬಾಗುತ್ತೆ, ಅಗಲದ ಭಾಗ ಇಕ್ಕಳದೊಳಗೆ ಬಿಗಿಯಾಗಿ ಕೂರುತ್ತೆ. ಇಳಿಯುವಾಗ ಬೆರಳು ಮೊದಲು ಕೆಳಗೆ ಚಾಚುತ್ತೆ, ಕಿರಿದಾದ ಭಾಗ ಇಕ್ಕಳಕ್ಕೆ ಬರುತ್ತೆ, ಕೀಲು ಸಡಿಲ. ನಾನು ಇಳಿಯುವಾಗಲೇ ಬಿದ್ದಿದ್ದು ಸುಮ್ಮನೆ ಅಲ್ಲ. ಹರಡಿನ ಒಳಬದಿಯಲ್ಲಿ ಬೀಸಣಿಗೆ ಥರ ಹರಡಿಕೊಂಡ ಬಲವಾದ ಲಿಗಮೆಂಟ್ ಇದೆ. ಹೊರಬದಿಯಲ್ಲಿ ಇರೋದು ಮೂರು ಸಣ್ಣ ಪಟ್ಟಿ. ಅದರಲ್ಲಿ ಮುಂದಿನದು, ಹೊರಗಿನ ಉಬ್ಬಿನಿಂದ ಟೇಲಸ್‌ಗೆ ಹೋಗೋದು, ಪಾದ ಒಳಕ್ಕೆ ಮಗುಚಿದಾಗ ಮೊದಲು ಹರಿಯುತ್ತೆ. ನಾವು 'ಉಳುಕು' ಅನ್ನೋದು ಬಹಳ ಸಲ ಇದನ್ನೇ.

ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು, ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ಎರಡು ವಾರ ಸಿರುಗುಪ್ಪದ ಮನೆಯಲ್ಲಿ ಕೂತೆ. ಅಪ್ಪ ಕಾಲು ನೋಡಿದವರೇ "ಕುರುಗೋಡಿಗೆ ಹೋಗಿ ಉಳುಕು ತೆಗೆಸ್ಕೊಂಡು ಬಾ. ನಿಮ್ಮವ್ವಗೂ ಅಲ್ಲೇ ತೆಗೆಸಿದ್ದು" ಅಂದರು.

"ಅವ್ವಗ ಯಾವಾಗ ಉಳುಕಿತ್ತು?"

ಅವ್ವ ಒಲೆ ಮುಂದಿಂದಲೇ ಹೇಳಿದಳು: "ಅಯ್ಯ, ಯಾವ ಕಾಲದ್ದೋ ಬಿಡು. ನೀನು ಇಂಜಿನಿಯರಿಂಗ್ ಸೇರಿದ ವರ್ಷ."

ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ಭತ್ತದ ಸಸಿ ಹೊತ್ತುಕೊಂಡು ಬದುವಿನ ಮೇಲೆ ಬರುವಾಗ ಜಾರಿದ್ದಾಳೆ. ಅವಳ ತವರು ಕುರುಗೋಡು, ಅಲ್ಲೊಬ್ಬ ಅಜ್ಜ ಎಳೆದು, ತಿಕ್ಕಿ, ಸೊಪ್ಪು ಕಟ್ಟಿ ಕಳಿಸಿದ್ದಾರೆ. ಮೂರನೇ ದಿನ ಮತ್ತೆ ಗದ್ದೆಗೆ ಇಳಿದಿದ್ದಾಳೆ. "ನಾಟಿ ಕಾಯ್ತೈತೇನು?" ಅಂದಳು.

ಅವತ್ತಿಂದ ಅವ್ವ ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಸೆದ ಹಾಗೆ ಇಟ್ಟು ನಡೀತಾಳೆ. ನಮ್ಮ ಮನೆಯಲ್ಲಿ ಅದಕ್ಕೊಂದು ಉತ್ತರ ರೆಡಿ ಇತ್ತು. "ಅವಳ ನಡಿಗೆನೇ ಹಂಗ." ಕಾಲೇಜಿನಿಂದ ರಜೆಗೆ ಬಂದಾಗ ನಾನು ಆ ನಡಿಗೆಯನ್ನು ಅಣಕಿಸಿ ಚಿಕ್ಕಪ್ಪನ ಮಕ್ಕಳನ್ನು ನಗಿಸುತ್ತಿದ್ದೆ. ಅವ್ವನೂ ನಗುತ್ತಿದ್ದಳು.

ಹತ್ತನೇ ದಿನ ಫಿಸಿಯೋಥೆರಪಿಸ್ಟ್ ವಿಡಿಯೋ ಕಾಲ್‌ನಲ್ಲಿ ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ಹೇಳಿಕೊಟ್ಟರು. ನಾನು ಗೋಡೆ ಪಕ್ಕ ತೂರಾಡುತ್ತಿದ್ದರೆ ಅವ್ವ "ಇದೆಂಥ ತಪಸ್ಸಪ್ಪಾ" ಅಂತ ನಕ್ಕಳು. "ನೀನೂ ನಿಲ್ಲು ನೋಡಾನ" ಅಂದೆ. ಎಡಗಾಲ ಮೇಲೆ ಕೊಕ್ಕರೆ ಥರ ನಿಂತಳು, ಮೂವತ್ತು ಎಣಿಸಿದರೂ ಅಲ್ಲಾಡಲಿಲ್ಲ. ಬಲಗಾಲಿಗೆ ಬಂದಳು. ಮೂರು ಅನ್ನುವಷ್ಟರಲ್ಲಿ ಹರಡು ಗಡಗಡ ಅಂದು, ಅಕ್ಕಿ ಚೀಲ ಹಿಡಕೊಂಡಳು. ಇನ್ನೊಮ್ಮೆ. ಮತ್ತೊಮ್ಮೆ. ಮೂರನೇ ಸಲ ಅವಳು ನಗಲಿಲ್ಲ.

"ಗದ್ದ್ಯಾಗೂ ಹಿಂಗ ಆಕ್ಕೈತಿ. ಬದುವಿನ ಮ್ಯಾಲೆ ಕಾಲು ತಾನ ಹೊಳ್ಳಿಬಿಡ್ತೈತಿ."

"ಯಾಕ ಹೇಳಿಲ್ಲವ್ವ?"

"ಯಾರು ಕೇಳಿದ್ರು?"

ಸ್ಕ್ರೀನಿನಲ್ಲಿ ಫಿಸಿಯೋಥೆರಪಿಸ್ಟ್ ಇದನ್ನೆಲ್ಲ ನೋಡುತ್ತಿದ್ದರು. ಲಿಗಮೆಂಟ್ ಬರೀ ಹಗ್ಗ ಅಲ್ಲ ಅಂದರು. ಅದರೊಳಗೆ ನರದ ತುದಿಗಳಿವೆ. ಪಾದ ಎಷ್ಟು ವಾಲಿದೆ ಅಂತ ಕ್ಷಣಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸೋ ಕೆಲಸದಲ್ಲಿ ಅವುಗಳದ್ದೂ ಪಾಲಿದೆ. ಹಗ್ಗ ಹರಿದಾಗ ಸುದ್ದಿಯೂ ತಡವಾಗುತ್ತೆ. ಪಾದ ಮಗುಚೋಕೆ ಶುರುವಾದಾಗ ಹೊರಬದಿಯ ಸ್ನಾಯುಗಳು ಎಳೆದು ನಿಲ್ಲಿಸಬೇಕು, ಅವು ಹೊತ್ತು ಮೀರಿ ಎಚ್ಚರಾಗುತ್ತವೆ. ಅದಕ್ಕೇ ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುತ್ತೆ. ಸಾಮಾನ್ಯ ಉಳುಕಿನಲ್ಲಿ ಯಾವ ಮೂಳೆಯೂ ಜಾಗ ಬಿಟ್ಟಿರಲ್ಲ, ಎಳೆದು ಕೂರಿಸೋಕೆ ಏನೂ ಇರಲ್ಲ. ಹಸಿ ಗಾಯವನ್ನು ಎಳೆದರೆ ಇನ್ನಷ್ಟು ನೋವು ಅಷ್ಟೇ. ಬೇಕಾಗಿರೋದು ಕೆಲವು ದಿನದ ಆರೈಕೆ, ಆಮೇಲೆ ವಾರಗಟ್ಟಲೆ ಈ ಒಂಟಿ ಕಾಲಿನ ತಪಸ್ಸು. ಶನಿವಾರ ಬ್ಯಾಡ್ಮಿಂಟನ್ ಆಡುವಾಗ ಉಳುಕಿಸಿಕೊಂಡು, ಸ್ಪ್ರೇ ಹೊಡೆದು, ಸೋಮವಾರ ಆಫೀಸಿಗೆ ಬರೋ ನನ್ನಂಥವರೂ ಇದನ್ನು ಕೇಳಿಸಿಕೊಳ್ಳಬೇಕು.

"ಇಷ್ಟು ವರ್ಷ ಆದ್ಮೇಲೂ ಉಪಯೋಗ ಆಗುತ್ತಾ?" ಅಂತ ಕೇಳಿದೆ. "ಆಗುತ್ತೆ. ಪೂರ್ತಿ ಅಂತ ಮಾತು ಕೊಡಲ್ಲ" ಅಂದರು.

ಅವ್ವನನ್ನು ಬಳ್ಳಾರಿಗೆ ಕರಕೊಂಡು ಹೋಗಿ ತೋರಿಸಿದೆವು. ವಾಪಸ್ ಬರುವಾಗ, ದಾರಿ ಸುತ್ತಾದರೂ, ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನಿಗೆ ಕೈಮುಗಿಯೋಣ ಅಂದಳು. ಗರ್ಭಗುಡಿಯಲ್ಲಿ ಏಕಶಿಲೆಯ ಬಸವಣ್ಣ, ಗುಡಿ ತುಂಬಾ ಕೂತ ಹಾಗೆ. ಹೊರಗೆ ಬಂದು ಕಟ್ಟೆ ಮೇಲೆ ಕೂತಾಗ, ಮಾತಿಗೆ ಅಂತ, ನಾನು ಅಪ್ಪನಿಗೆ ಹೊಸದಾಗಿ ಓದಿಕೊಂಡದ್ದು ಹೇಳಿದೆ. ಎತ್ತಿನ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣೋದು ಮೊಣಕಾಲಲ್ಲ, ಅದು ಹಿಮ್ಮಡಿ. ಎತ್ತು ಜೀವಮಾನವಿಡೀ ಬೆರಳ ತುದಿಯ ಮೇಲೇ ನಡೆಯುತ್ತೆ, ನಮ್ಮ ಹರಡು ಅಂತೀವಲ್ಲ, ಅದು ಎತ್ತಿಗೆ ಅಷ್ಟು ಮೇಲಿದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡದೆ, "ಹೋದ ವರ್ಷ ಎತ್ತು ಒಂದ್ಸಲ ಕುಂಟಿದ್ದಕ್ಕ, ಮಧ್ಯಾಹ್ನದೊಳಗ ಡಾಕ್ಟ್ರನ್ನ ಕರಸಿದ್ದೆ" ಅಂದರು. ಅವ್ವ ಚಪ್ಪಲಿ ಹುಡುಕುತ್ತಿದ್ದಳು, ಅವಳಿಗೆ ಕೇಳಿಸಿತೋ ಇಲ್ಲವೋ.

ನಾನೀಗ ಬೆಂಗಳೂರಿಗೆ ವಾಪಸ್ ಬಂದು ತಿಂಗಳಾಯ್ತು. ಅವ್ವ ಹೊತ್ತಾರೆ, ಸಂಜೆ ಬಾಗಿಲ ಚೌಕಟ್ಟು ಹಿಡಿದು ಬಲಗಾಲ ಮೇಲೆ ನಿಲ್ಲುತ್ತಾಳೆ, ಆಮೇಲೆ ಮೆಲ್ಲಗೆ ಕೈ ಬಿಡುತ್ತಾಳೆ. ನಿನ್ನೆ ಹನ್ನೊಂದರ ತನಕ ಬಂದಳಂತೆ. ಫೋನ್ ಮಾಡಿ ಹೇಳಿದ್ದು ಅಪ್ಪ. ದಿನಾ ಎಣಿಸೋರು ಅವರೇ.