ಧಕ್ಕೆ

ಮಾನಕ್ಕೆ ಧಕ್ಕೆ, ಶಾಂತಿಗೆ ಧಕ್ಕೆ, ಹಿತಕ್ಕೆ ಧಕ್ಕೆ: ಬೆಂಗಳೂರು ಮೈಸೂರುಗಳ ಓದುಗನಿಗೆ ಈ ಶಬ್ದದ ಪರಿಚಯವಾಗಿರುವುದು ಹೀಗೆ. ಧಕ್ಕೆಯೆಂದರೆ ಪೆಟ್ಟು, ಕುಂದು, ಹಾನಿ. ಮಂಗಳೂರಿನಲ್ಲಿ ಮಾತ್ರ ಅದೇ ಶಬ್ದಕ್ಕೆ ಮೀನಿನ ವಾಸನೆಯುಂಟು. “ಧಕ್ಕೆಗೆ ಹೋಗಿ ಬರುತ್ತೇನೆ” ಎಂದು ಗೃಹಸ್ಥನೊಬ್ಬ ಬೆಳಗಿನಲ್ಲಿ ಕೈಚೀಲ ಹಿಡಿದು ಹೊರಟರೆ ಮನೆಯವರು ಗಾಬರಿಗೊಳ್ಳುವುದಿಲ್ಲ. ಬೂತಾಯಿಯೋ ಬಂಗುಡೆಯೋ ಬಂದೀತೆಂದು ಮಸಾಲೆ ಅರೆಯಲು ತೊಡಗುತ್ತಾರೆ. ಮುಂಬಯಿಯ ‘ಭಾವೂಚಾ ಧಕ್ಕಾ’ದ ಧಕ್ಕೆಯೇ ಇದು: ದೋಣಿ ಬಂದು ತಾಗಿ ನಿಲ್ಲುವ ಕಟ್ಟೆ. ಶಬ್ದದ ಎರಡು ಅರ್ಥಗಳೂ ಒಂದೇ ಕಡೆ ಸಂಧಿಸಿರುವುದನ್ನು ನೋಡಬೇಕಾದರೆ ಮಂಗಳೂರಿನ ಹಳೆಯ ಬಂದರಿಗೆ ಹೋಗಬೇಕು.

ನೇತ್ರಾವತಿ, ಗುರುಪುರ ಎಂಬ ಎರಡು ಹೊಳೆಗಳು ಇಲ್ಲಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಕಡಲನ್ನು ಕಂಡ ಮೇಲೂ ಗುರುಪುರ ಹೊಳೆಗೆ ಅದರೊಳಗೆ ಬೀಳಲು ಮನಸ್ಸಿಲ್ಲ; ಕಡಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು ಬಂದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಈ ಹಟದಿಂದಾಗಿ ನಡುವೆ ಉಳಿದ ನೀಳವಾದ ಮರಳಿನ ಪಟ್ಟಿಯೇ ಬೆಂಗರೆ. ತೋಟ ಬೆಂಗರೆಯಲ್ಲಿ ಮೊಗವೀರರು, ಕಸಬಾ ಬೆಂಗರೆಯಲ್ಲಿ ಮುಸಲ್ಮಾನರು. ಎರಡು ಕಡೆಯೂ ಅನ್ನ ಕೊಡುವುದು ಕಡಲು. ಶಾಲೆ ಕಾಲೇಜು, ಮಾರುಕಟ್ಟೆ, ಕಚೇರಿ, ಹೆರಿಗೆಗೆ ಲೇಡಿ ಗೋಶನ್ ಆಸ್ಪತ್ರೆ, ಎಲ್ಲವೂ ಹೊಳೆಯ ಆಚೆ. ದೋಣಿ ಹತ್ತಿದರೆ ಕೆಲವೇ ನಿಮಿಷಗಳ ದಾರಿ. ದೋಣಿ ಬೇಡವೆಂದವನು ತಣ್ಣೀರುಬಾವಿ, ಪಣಂಬೂರು, ಕೂಳೂರು ಸೇತುವೆ ಎಂದು ಪ್ರದಕ್ಷಿಣೆ ಹಾಕಿ ಬರಬೇಕು. ಪೇಟೆಯ ಗಡಿಯಾರದ ಗಂಟೆ ಕೇಳುವಷ್ಟು ಹತ್ತಿರದಲ್ಲಿದ್ದು ಪೇಟೆಗೆ ಇಷ್ಟು ದೂರವಾದ ಊರು ಬೇರೊಂದಿರಲಾರದು.

ಧಕ್ಕೆಯೆಂದರೆ ಬರಿಯ ಕಲ್ಲಿನ ಕಟ್ಟೆಯಲ್ಲವೆಂದು ಅರಿವಾಗುವುದು ಇಂಥ ಕಡೆಯಲ್ಲಿ. ಭರತದ ಹೊತ್ತಿನಲ್ಲಿ ದೋಣಿಯ ಅಂಚು ಕಟ್ಟೆಗೆ ಸಮನಾಗಿರುತ್ತದೆ. ಇಳಿತದಲ್ಲಿ ಮೂರು ನಾಲ್ಕು ಅಡಿ ಕೆಳಗಿಳಿದಿರುತ್ತದೆ. ನೀರು ಎಲ್ಲಿಯೇ ಇರಲಿ, ಕಾಲಿಗೆ ಒಂದು ಮೆಟ್ಟಿಲು ಸಿಕ್ಕಬೇಕು. ಮೆಟ್ಟಿಲು ಕುಸಿದರೆ, ಪಾಚಿ ಕಟ್ಟಿದರೆ, ಬುಡದಲ್ಲಿ ಹೂಳು ತುಂಬಿ ದೋಣಿ ದೂರದಲ್ಲೇ ನಿಂತರೆ, ತರುಣನೇನೋ ಹಾರಿಕೊಂಡಾನು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು, ಪುಸ್ತಕದ ಚೀಲ ಹೊತ್ತ ಮಗು, ದಿನ ತುಂಬಿದ ಬಸುರಿ ಹಾರಬಲ್ಲರೆ? ಅವರ ಪಾಲಿಗೆ ಆ ಒಂದು ಮೆಟ್ಟಿಲೇ ರಾಜಮಾರ್ಗ.

ಒಂದು ಕಾಲಕ್ಕೆ ಇಡೀ ಮಂಗಳೂರು ನೀರಿಗೆ ಮುಖ ಮಾಡಿ ಕುಳಿತ ಊರಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆಯ ದಂಡೆಗುಂಟ ಒಂದರ ಬಳಿ ಒಂದು ಚಿಮಣಿ ಎದ್ದಿತು. ಆವೆಮಣ್ಣು ದೋಣಿಯಲ್ಲಿ ಬಂತು. ಸುಟ್ಟ ಹಂಚು ಮಂಜಿಗಳಲ್ಲಿ ದೇಶಾಂತರಕ್ಕೆ ಹೋಯಿತು. ಅಮೀನ್‌ದಿವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಇಂದಿನ ಎಷ್ಟು ಮಂದಿಗೆ ನೆನಪಿದೆ? ದ್ವೀಪದವರು ತೆಂಗಿನ ಹುರಿ ತಂದು ಇಲ್ಲಿ ಒಪ್ಪಿಸಿ, ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. ಆಮೇಲೆ ಉಳ್ಳಾಲದ ಕಡೆಗೆ ಸೇತುವೆ ಬಂತು, ಲಾರಿ ಬಂತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ದೊಡ್ಡ ಹಡಗುಗಳು ಅತ್ತ ಹೋದವು. ದೊಡ್ಡವರ ಗಮನವೂ ಅವುಗಳ ಹಿಂದೆಯೇ ಹೋಯಿತು. ಊರು ನೀರಿಗೆ ಬೆನ್ನು ತಿರುಗಿಸಿತು.

ಆದರೆ ನೀರನ್ನು ನಂಬಿದವರ ಸಂಖ್ಯೆಯೇನೂ ಇಳಿಯಲಿಲ್ಲ. ಯಂತ್ರದ ದೋಣಿಗಳು ಬಂದು, ಹೆಚ್ಚಿ, ಸಾವಿರವನ್ನು ಮೀರಿದವು. ಕಟ್ಟೆ ಅದೇ ವೇಗದಲ್ಲಿ ಬೆಳೆಯಲಿಲ್ಲ. ಮೀನುಗಾರಿಕಾ ಬಂದರಿನ ಮೂರನೆಯ ಹಂತದ ಕಾಮಗಾರಿ ತೊಡಗಿ, ನಿಂತು, ವರ್ಷಗಟ್ಟಲೆ ಜನರ ಬಾಯಲ್ಲಿ ಗಾದೆಯಾಯಿತು. ಧಕ್ಕೆಯನ್ನು ಉದ್ದಮಾಡಿ, ಅಳಿವೆಯ ಹೂಳೆತ್ತಿ, ಹತ್ತಿಳಿಯುವಲ್ಲಿ ಕ್ಷೇಮವಿರಲಿ: ಮೀನುಗಾರರ ಸಂಘಗಳು, ಬೆಂಗರೆಯ ನಿವಾಸಿಗಳು ಮತ್ತೆ ಮತ್ತೆ ಕೇಳುತ್ತ ಬಂದಿರುವುದು ಇಷ್ಟನ್ನೇ. ಚಳವಳಿಯೆಂದೊಡನೆ ಬಾವುಟ, ಘೋಷಣೆಗಳು ಕಣ್ಣ ಮುಂದೆ ಬರುತ್ತವೆ. ಇಲ್ಲಿ ಅವೂ ಆಗೀಗ ಉಂಟು. ಹೆಚ್ಚು ಪಾಲು ಮಾತ್ರ ಅರ್ಜಿ, ಮನವಿ, ಭರವಸೆ, ಮತ್ತೊಂದು ಅರ್ಜಿ. ಬಂದರು ಒಂದು ಇಲಾಖೆಯದು, ಮೀನು ಇನ್ನೊಂದರದು, ದಂಡೆಯ ರಸ್ತೆ ಮಹಾನಗರ ಪಾಲಿಕೆಯದು. ಪ್ರತಿ ಮಳೆಗಾಲವೂ ಎರಡು ಹೊಳೆಗಳು ಹೊತ್ತು ತರುವ ಹೂಳಿಗೆ ಈ ಗಡಿಗಳ ಪರಿಜ್ಞಾನವಿಲ್ಲ.

ಹೊಳೆಯ ದಂಡೆ ಈಗ ಮತ್ತೆ ಬೆಲೆಯುಳ್ಳದ್ದಾಗಿದೆಯೆಂಬುದೂ ನಿಜ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿಯ ಬದಿಗೆ ವಿಹಾರಪಥವೊಂದು ರೂಪುಗೊಂಡಿತು. ಸಂಜೆಯ ಗಾಳಿಗೆ ಸಂಸಾರ ಸಮೇತ ನಡೆದಾಡುವುದು ಸೊಗಸೇ. ಅದನ್ನು ಬೇಡವೆನ್ನುವ ಅರಸಿಕರಾರು? ಆದರೆ ನೀರನ್ನು ನೋಡಲು ಬರುವವನಿಗೆ ಬೇಕಾದದ್ದು ಕೈಹಿಡಿ, ದೀಪ, ಬೆಂಚು. ನೀರಿಗೆ ಇಳಿಯುವವನಿಗೆ ಬೇಕಾದದ್ದು ಮೆಟ್ಟಿಲು, ಹಗ್ಗ ಕಟ್ಟುವ ಗೂಟ, ಬಲೆ ಹರವಿ ಹೊಲಿಯಲು ನಾಲ್ಕು ಮಾರು ಜಾಗ. ಚೆಂದದ ಕೈಹಿಡಿಯೊಂದು ಉದ್ದಕ್ಕೂ ಬಂದು ದೋಣಿಯ ದಾರಿಯನ್ನೇ ಮುಚ್ಚಿದರೆ ಅದನ್ನು ಅಭಿವೃದ್ಧಿಯೆಂದು ಒಪ್ಪುವುದು ಕಷ್ಟ. ಸಾರ್ವಜನಿಕ ಸೊತ್ತೆಂದು ಬೀದಿಯನ್ನು ಒಪ್ಪುವ ನಾವು ಧಕ್ಕೆಯನ್ನು ಮೀನುಗಾರನ ಖಾಸಗಿ ತಾಪತ್ರಯವೆಂದೇಕೆ ಎಣಿಸಬೇಕು?

ಇಕ್ಕಟ್ಟಿನ ಪೂರ್ಣ ದರ್ಶನವಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಎಲ್ಲವೂ ಒಟ್ಟಿಗೆ ಹಳೆಯ ಬಂದರಿಗೆ ಬಂದು ಸೇರುತ್ತವೆ. ಕಟ್ಟೆಗೆ ತಾಗಿ ಒಂದು ಸಾಲು, ಅದಕ್ಕೆ ತಾಗಿ ಇನ್ನೊಂದು, ಅದರಾಚೆ ಮತ್ತೊಂದು; ಹೊಳೆಯ ಅರ್ಧಕ್ಕೆ ಮರದ ನೆಲ ಹಾಸಿದಂತೆ. ಹೊರಸಾಲಿನ ದೋಣಿಗೆ ಎಣ್ಣೆಯ ಡಬ್ಬಿಯನ್ನೋ ಮಂಜುಗಡ್ಡೆಯ ಬುಟ್ಟಿಯನ್ನೋ ಒಯ್ಯುವವನು ಅಷ್ಟೂ ದೋಣಿಗಳನ್ನು ತುಳಿದುಕೊಂಡೇ ಹೋಗಬೇಕು. ಕಟ್ಟೆಗೆ ತಾಗಿಯೇ ಜಾಗ ಗಿಟ್ಟಿಸಿದ ಭಾಗ್ಯಶಾಲಿಯ ದೋಣಿಗೆ ಎರಡು ತಿಂಗಳು ಅಲೆಯ ಹೊಡೆತವಿಲ್ಲ, ಹಗ್ಗದ ಚಿಂತೆಯಿಲ್ಲ. ಆಗಸ್ಟ್ ಹುಟ್ಟಿ ಎಂಜಿನುಗಳು ಗುಡುಗಿ, ಹೊರಗಿನವು ಒಂದೊಂದಾಗಿ ಅಳಿವೆಯತ್ತ ಸಾಗಿದಾಗ, ತನ್ನ ಮುಂದಿನವೆಲ್ಲ ಕದಲುವ ತನಕ ಆತ ಚುಕ್ಕಾಣಿ ಹಿಡಿದು ಕಾದು ನಿಂತಿರಬೇಕು.